ಓರಗಿತ್ತಿಯ ಹಸುವಿನ ಹಾಲು ತೂಗುವ ಕೈ

ಬೆಳಗಿನ ಐದೂಕಾಲು. ಸೈಕಲ್ಲನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿ, ಹೆಗಲ ಚೀಲದಿಂದ ಕೊಕ್ಕೆ ತಕ್ಕಡಿ ತೆಗೆದು ಅಡ್ಡತೊಲೆಗೆ ನೇತುಹಾಕುತ್ತಾರೆ. ಮುಳ್ಳು ಸೊನ್ನೆಯ ಮೇಲೆ ನಿಲ್ಲುವವರೆಗೂ ಉಸಿರು ಬಿಗಿಹಿಡಿದಂತೆ ನೋಡುತ್ತಾರೆ. ಹೆಸರು ಹಿಡಿದು ಕರೆಯುವವರು ಈಗ ಯಾರೂ ಇಲ್ಲ. ತಳಿ ಸಂಘದ ಸದಸ್ಯರಿಗೆಲ್ಲ ಅವರು ತಕ್ಕಡಿಯಕ್ಕ.

"ಮೊದಲು ಖಾಲಿ ಬಕೆಟ್ ತೂಗಕ್ಕಾ. ಆಮೇಲೆ ಮರೆತೆ ಅನ್ಬೇಡ." ಹಸುವಿನ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತ ಹೆಂಗಸು ಅಲ್ಯೂಮಿನಿಯಂ ಬಕೆಟ್ಟನ್ನು ಮುಂದೆ ಚಾಚುತ್ತಾಳೆ. ಆಕೆ ತಕ್ಕಡಿಯಕ್ಕನ ಮೈದುನನ ಹೆಂಡತಿ, ಅಂದರೆ ಓರಗಿತ್ತಿ.

"ನೀನು ಹೇಳಿಕೊಡ್ಬೇಕಾಗಿಲ್ಲ. ಸ್ವಲ್ಪ ಬಾಯಿ ಮುಚ್ಚಿಕೊಂಡು ಕರಿ. ನಿನ್ನ ಗಂಟಲಿಗೆ ಬೆದರಿ ಹಸು ಹಾಲೇ ಇಳಿಸಲ್ಲ."

"ನನ್ನ ಗಂಟಲಿಗೆ ಬೆದರಲ್ಲ ಇದು. ನಿನ್ನ ಕಣ್ಣಿಗೆ ಬೆದರುತ್ತೆ."

ಖಾಲಿ ಬಕೆಟ್ ಒಂದೂವರೆ ಕೆ.ಜಿ. ತೂಗುತ್ತದೆ. ಬರೆದಾಯಿತು. ಕೊನೆಯ ಹನಿಯವರೆಗೂ ಕರೆದು ಎದ್ದಾಗ ತುಂಬಿದ ಬಕೆಟ್ ಹದಿಮೂರು ಕೆ.ಜಿ. ನೂರು ಗ್ರಾಂ. ಕಳೆದರೆ ಹನ್ನೊಂದು ಆರುನೂರು. ಪುಟ್ಟ ಸೀಸೆಗೆ ಕೊಬ್ಬಿನ ಪರೀಕ್ಷೆಗೆಂದು ಒಂದಿಷ್ಟು ಹಾಲು ತುಂಬಿಸಿ, ಹಸುವಿನ ಕಿವಿ ಓಲೆಯ ನಂಬರನ್ನು ಅದರ ಮೇಲೆ ಬರೆಯುತ್ತಾರೆ. ತಕ್ಕಡಿಯಕ್ಕನ ಮುಖದಲ್ಲಿ ಏನೂ ಕಾಣುವುದಿಲ್ಲ. ಪೆನ್ನಿನ ತುದಿ ಮಾತ್ರ ಹಾಳೆಯನ್ನು ತುಸು ಜಾಸ್ತಿಯೇ ಒತ್ತುತ್ತದೆ. ಸ್ವಂತ ಕೊಟ್ಟಿಗೆಯಲ್ಲಿ ಅವರ ಹಸು ಇದೇ ಹೊತ್ತಿಗೆ ಕೊಡುವುದು ಐದು ಲೀಟರ್, ಅದೂ ಅದರ ಮನಸ್ಸು ಚೆನ್ನಾಗಿದ್ದ ದಿನ.

"ಹೊಟ್ಟೆಕಿಚ್ಚಾ? ಇದೆ ಮತ್ತೆ," ಎನ್ನುತ್ತಾರೆ ದಾರಿಯಲ್ಲಿ ಸೈಕಲ್ ತಳ್ಳುತ್ತಾ. "ಇಲ್ಲ ಅಂದ್ರೆ ಸುಳ್ಳಾಗುತ್ತೆ. ಸುಳ್ಳು ಬರೆಯೋ ಕೆಲಸ ಅಲ್ಲ ನಂದು."

ಅವರ ಕೆಲಸವನ್ನು ಸಂಘದ ಹೊರಗೆ ಬಲ್ಲವರು ಕಡಿಮೆ. ತಿಂಗಳಿಗೆ ಅರವತ್ತೆರಡು ಹಸು. ಪ್ರತಿಯೊಂದಕ್ಕೂ ಸಂಜೆ ಒಮ್ಮೆ, ಮರುದಿನ ಬೆಳಗ್ಗೆ ಒಮ್ಮೆ. ಆ ಒಂದು ದಿನದ ತೂಕವೇ ಇಡೀ ತಿಂಗಳ ಲೆಕ್ಕ. ನೂರಿಪ್ಪತ್ತನಾಲ್ಕು ತೂಕ, ಅಷ್ಟೇ ಸೀಸೆ. ಆರು ವರ್ಷದಲ್ಲಿ ಒಂಬತ್ತು ಸಾವಿರದ ಹತ್ತಿರ ಬಂದಿದೆ. ಎಮ್ಮೆಯಂಥ ಸಮಾಧಾನದ ಹಸುಗಳೂ ಉಂಟು, ಮೊಣಕಾಲ ಚಿಪ್ಪಿಗೆ ಗುರಿಯಿಟ್ಟು ಒದೆಯುವಂಥವೂ ಉಂಟು. ಎಡಗಾಲು ಚಳಿಗಾಲದಲ್ಲಿ ಇವತ್ತಿಗೂ ಸೆಳೆಯುತ್ತದೆ. ಬೆಳಗ್ಗೆ ನಾಲ್ಕಕ್ಕೆದ್ದು ಮಗಳ ಬುತ್ತಿ ಕಟ್ಟಿಟ್ಟು ಬಂದಿರುತ್ತಾರೆ. ಎಂಟಕ್ಕೆ ಮನೆಗೆ ಹೋದರೆ ಬುತ್ತಿ ಮೇಜಿನ ಮೇಲೇ ಇರುತ್ತದೆ, ಮಗಳು ಶಾಲೆಯಲ್ಲಿರುತ್ತಾಳೆ. ಅದನ್ನು ಕೊಟ್ಟು ಬರಲು ಇನ್ನೊಂದು ಸುತ್ತು ಸೈಕಲ್.

ಇಷ್ಟೆಲ್ಲ ಯಾಕೆಂದರೆ ಹೋರಿಗಾಗಿ. ಹೋರಿ ಹಾಲು ಕೊಡುವುದಿಲ್ಲ, ಅದರ ಹೆಣ್ಣುಮಕ್ಕಳು ಕೊಡುತ್ತವೆ. ನಲವತ್ತು ಹೆಣ್ಣುಮಕ್ಕಳನ್ನು ಬೇರೆಬೇರೆ ಕೊಟ್ಟಿಗೆಗಳಲ್ಲಿ ತೂಗಿ ನೋಡದೆ ಆ ಹೋರಿ ಒಳ್ಳೆಯದೋ ಕೆಟ್ಟದ್ದೋ ಎಂದು ಸಂಘ ಬಾಯಿ ಬಿಡುವುದಿಲ್ಲ. ತೂಕ ಬಂದ ಮೇಲೆ ಯಾರ ಹಸುವಿಗೆ ಯಾವ ಹೋರಿ ಹೊಂದುತ್ತದೆಂದು ಪ್ರತಿ ಸದಸ್ಯರಿಗೂ ಒಂದು ಹಾಳೆ ಬರುತ್ತದೆ: ಇದರ ಕೆಚ್ಚಲು ಜೋತಿದೆ, ಆ ಹೋರಿ ಹಾಕಿಸಿ, ಅದರ ಹಾಲಿನಲ್ಲಿ ಕೊಬ್ಬು ಕಡಿಮೆ, ಈ ಹೋರಿ ಹಾಕಿಸಿ. ಹೆಚ್ಚು ಹಾಲಿನ ಕೆಲವೇ ಹಸುಗಳು 'ಹೋರಿತಾಯಿ' ಪಟ್ಟಿಗೆ ಸೇರುತ್ತವೆ. ಅವುಗಳ ಗಂಡುಕರುವನ್ನು ಸಂಘವೇ ಸಾಕಿ, ಮುಂದೆ ಅದರ ವೀರ್ಯವನ್ನು ಎಲ್ಲ ಸದಸ್ಯರಿಗೂ ಹಂಚುತ್ತದೆ. ಈ ಕಾರಖಾನೆಯ ತಳದಲ್ಲಿರುವುದು ತಕ್ಕಡಿಯಕ್ಕನ ಮುಳ್ಳು.

ಅವರಿಗೆ ಈ ವಿದ್ಯೆ ಒಂದು ವರ್ಷ ತಡವಾಗಿ ಬಂತು. ಏಳು ವರ್ಷದ ಹಿಂದೆ ಅಣ್ಣತಮ್ಮಂದಿರು ಬೇರೆಯಾದಾಗ ಪಾಲಿಗೆ ಬಂದದ್ದರಲ್ಲಿ ಎರಡು ಹೆಣ್ಣುಕರುಗಳಿದ್ದವು. ಒಂದೇ ತಾಯಿಯವು, ಒಂದು ವರ್ಷದ ಅಂತರ. ದೊಡ್ಡದು ಹಣೆಯಲ್ಲಿ ಬಿಳಿ ಬೊಟ್ಟು, ಮೈ ಎಣ್ಣೆ ಹಚ್ಚಿದಂತೆ ಮಿರಮಿರ. ಊರಿನ ಅಂದದ ಹೋರಿಯೊಂದಕ್ಕೆ ಹುಟ್ಟಿದ್ದು. ಚಿಕ್ಕದಕ್ಕೆ ಪಕ್ಕೆಲುಬು ಎಣಿಸಬಹುದಿತ್ತು. ಸಂಘದವರು ಹೋರಿಯ ವೀರ್ಯದ ಸೂಜಿ ಹಾಕಿ ಹುಟ್ಟಿಸಿದ್ದು. ಜೊತೆಗೆ ಅದರ ಅಪ್ಪನ ನಂಬರು ಬರೆದ ಒಂದು ಚೀಟಿ. ಹಿರಿಸೊಸೆಗೆ ಮೊದಲ ಆಯ್ಕೆ. ಹಿರಿಸೊಸೆ ಚೆಲುವಿಯನ್ನು ಆರಿಸಿಕೊಂಡರು.

"ಬಡಕಲಿಯ ಹಗ್ಗ ಅವಳ ಕೈಗೆ ಕೊಟ್ಟು, ಈ ಚೀಟೀನೂ ನೀನೇ ಇಟ್ಕೋಮ್ಮಾ, ನನ್ನ ಮನೇಲಿ ಕಸ ಅಂದೆ," ಎಂದು ನೆನೆಯುತ್ತಾರೆ. "ಕಸ ಅಂದ ಬಾಯಿಗೆ ಏನು ಹಾಕ್ಬೇಕು ಹೇಳಿ. ಆ ಚೀಟೀಲೇ ಎಲ್ಲಾ ಇತ್ತು. ಆಗ ನಂಗೆ ಓದೋಕೆ ಬರ್ತಿರ್ಲಿಲ್ಲ. ಅಕ್ಷರ ಬರ್ತಿತ್ತು, ಚೀಟಿ ಓದೋಕೆ ಬರ್ತಿರ್ಲಿಲ್ಲ."

ಮರುವರ್ಷ ಸಂಘದಲ್ಲಿ ಹಾಲು ತೂಗುವ ಕೆಲಸ ಸಿಕ್ಕಿತು. ಸ್ವಂತ ಹಸುವನ್ನು ತೂಗುವಂತಿಲ್ಲ, ಅದಕ್ಕೆ ಬೇರೊಬ್ಬರು ಬರುತ್ತಾರೆ. ಓರಗಿತ್ತಿಯ ಹಸುವಿನ ಬಗ್ಗೆ ಸಂಘದ ನಿಯಮ ಏನೂ ಹೇಳುವುದಿಲ್ಲ. ಹಾಗಾಗಿ ಬಡಕಲಿ ಕರು ಹಾಕಿ, ತಿಂಗಳು ತಿಂಗಳಿಗೂ ತನ್ನ ಹಾಲನ್ನು ಏರಿಸುತ್ತ ಹೋದದ್ದನ್ನು ತಕ್ಕಡಿಯಕ್ಕನೇ ನಿಂತು ತೂಗಿ, ತಮ್ಮದೇ ಕೈಯಲ್ಲಿ ಬರೆಯಬೇಕಾಯಿತು. ಎಂಟು ಕೆ.ಜಿ. ಒಂಬತ್ತು. ಹತ್ತು ಇನ್ನೂರು. ಮನೆಗೆ ಬಂದು ಚೆಲುವಿಯ ಜೋತ ಕೆಚ್ಚಲನ್ನು ನೋಡಿದರೆ ಮೈಯೆಲ್ಲ ಉರಿ. "ನಿನ್ನ ಹೊಟ್ಟೆ ಮೇಲೆ ಪಾತ್ರೆ ಇಟ್ರೆ ಟೀ ಕುದಿಯುತ್ತೆ, ಗ್ಯಾಸ್ ಉಳಿಯುತ್ತೆ ಕಣೇ," ಎಂದು ಗಂಡ ನಗುತ್ತಿದ್ದರಂತೆ.

ಬಡಕಲಿಯ ಎರಡನೇ ಕರುವಿನ ಹೊತ್ತಿಗೆ, ಈಗ್ಗೆ ಮೂರು ವರ್ಷದ ಹಿಂದೆ, ಅದು ಹೋರಿತಾಯಿ ಪಟ್ಟಿಗೆ ಸೇರುವುದು ಖಚಿತವೆಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಮುನ್ನೂರೈದು ದಿನಕ್ಕೆ ನಾಲ್ಕೂವರೆ ಸಾವಿರ ಕೆ.ಜಿ. ಹಾಲು ಬೇಕು. ಸಂಘದ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಬಡಕಲಿಯ ನಂಬರು ಇರಲಿಲ್ಲ. ಬರೀ ಎಂಬತ್ತು ಕೆ.ಜಿ. ಕಡಿಮೆ ಬಿದ್ದಿತ್ತು. ಓರಗಿತ್ತಿ ಪಟ್ಟಿಯ ಮುಂದೆ ನಿಂತು ಬೆರಳಿಟ್ಟು ಮೂರು ಸಲ ಓದಿದಳು. ಹಿಂದೆ ನಿಂತಿದ್ದ ತಕ್ಕಡಿಯಕ್ಕ "ಅಯ್ಯೋ ಪಾಪ" ಎಂದರು.

"ಬಾಯಲ್ಲಿ ಅಯ್ಯೋ ಪಾಪ, ಒಳಗೆ ಹಾಲು ಕುಡಿದಷ್ಟು ಸಂತೋಷ. ಅವತ್ತು ಮಗಳಿಗೆ ಬೈಲಿಲ್ಲ, ಗಂಡನ ಬನಿಯನ್ ಕೂಡ ನಾನೇ ಒಗೆದೆ."

ಮುಂದಿನ ತಿಂಗಳು ಅದೇ ಕೊಟ್ಟಿಗೆ, ಅಲ್ಲಿನ ಇನ್ನೊಂದು ಹಸುವಿನ ತೂಕ. ಸಂಘದ ಸ್ಟೀಲ್ ಬಕೆಟ್ಟಿನ ಸದ್ದಿಗೆ ಹಸು ಬೆದರಿತೆಂದು ಓರಗಿತ್ತಿ ತನ್ನ ಅಲ್ಯೂಮಿನಿಯಂ ಬಕೆಟ್ ತಂದಳು. ಪೆನ್ನು ಹುಡುಕಲು ಕೈ ಬಿಡುವು ಬೇಕಾಗಿ, ತಕ್ಕಡಿಯಕ್ಕ ಆ ಖಾಲಿ ಬಕೆಟ್ಟನ್ನು ಕೊಕ್ಕೆಗೆ ಸಿಕ್ಕಿಸಿದರು. ಮುಳ್ಳು ಒಂದೂವರೆಗೆ ನಿಂತಿತು.

ಸಂಘದ ಬಕೆಟ್ ತೂಗುವುದು ಎರಡು ಕೆ.ಜಿ. ನೂರು ಗ್ರಾಂ. ನಮೂನೆಯ 'ಖಾಲಿ ಬಕೆಟ್' ಕಾಲಮಿನಲ್ಲಿ ಆ ಅಂಕಿಯನ್ನು ಅವರು ಹಿಂದಿನ ದಿನವೇ ಮನೆಯಲ್ಲಿ ಕೂತು ಎಲ್ಲ ಸಾಲಿಗೂ ಬರೆದಿಟ್ಟುಕೊಳ್ಳುತ್ತಿದ್ದರು. ಬೆಳಗಿನ ಕತ್ತಲಲ್ಲಿ ಅಷ್ಟು ಹೊತ್ತು ಉಳಿಯಲೆಂದು. ಬಡಕಲಿ ಒಮ್ಮೆ ಸ್ಟೀಲ್ ಬಕೆಟ್ ಒದ್ದು ಉರುಳಿಸಿದ ಮೇಲೆ ಮೂರು ತಿಂಗಳು ಅದನ್ನು ಕರೆದದ್ದೂ ಇದೇ ಹಗುರ ಬಕೆಟ್ಟಿಗೆ. ಕಳೆದದ್ದು ಭಾರದ ಬಕೆಟ್ಟನ್ನು. ಹೊತ್ತಿಗೆ ಆರುನೂರು ಗ್ರಾಂ, ದಿನಕ್ಕೆ ಒಂದು ಕೆ.ಜಿ. ಇನ್ನೂರು, ತೊಂಬತ್ತು ದಿನಕ್ಕೆ ನೂರೆಂಟು ಕೆ.ಜಿ. ಕಡಿಮೆ ಬಿದ್ದದ್ದು ಎಂಬತ್ತು.

"ಕೈ ಮರೀತೋ, ಹೊಟ್ಟೆ ಮರೆಸ್ತೋ, ಇವತ್ತಿಗೂ ನಂಗೆ ಗೊತ್ತಿಲ್ಲ," ಎನ್ನುತ್ತಾರೆ.

ಬೇರೆ ಯಾರಿಗೂ ತಿಳಿದಿರಲಿಲ್ಲ. ತಿಳಿಯುವಂತೆಯೂ ಇರಲಿಲ್ಲ. ಹೇಳಿದರೆ ಮೂರು ವರ್ಷ ಒಂದೂ ತಪ್ಪಿಲ್ಲದ ಹೆಸರು ಮಣ್ಣುಪಾಲು, ಮೇಲಾಗಿ ಓರಗಿತ್ತಿಯ ಹಸು ಪಟ್ಟಿಗೆ. ಹೇಳದಿದ್ದರೆ ಎರಡೂ ಇಲ್ಲ. ನಾಲ್ಕು ದಿನ ಅವರು ಹೇಳಲಿಲ್ಲ. ಐದನೆಯ ಬೆಳಗ್ಗೆ, ಒಂದೇ ಹಸು ಸಾಕಿಕೊಂಡಿರುವ ಅಜ್ಜಿಯೊಬ್ಬರು ತಮ್ಮ ತೂಕ ನೋಡಿ ಮೂಗು ಮುರಿದರು: "ನಿನ್ನ ಮುಳ್ಳು ನೆಟ್ಟಗಿದೆಯೇನೇ? ನನ್ನ ಹಸು ಇಷ್ಟೇನಾ ಕೊಡೋದು?" ಇಂಥದ್ದಕ್ಕೆ ತಕ್ಕಡಿಯಕ್ಕನ ಉತ್ತರ ಸದಾ ನಾಲಿಗೆಯ ತುದಿಯಲ್ಲಿರುತ್ತದೆ: ನನ್ನ ತೂಕ ತಪ್ಪು ಅಂತ ಒಬ್ರು ಹೇಳ್ಲಿ ನೋಡೋಣ. ಅಂದು "ನನ್ನ ತೂಕ" ಎಂದವರೇ ತಕ್ಕಡಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡರು.

ಅಲ್ಲಿಂದ ನೇರ ಸಂಘದ ಕಚೇರಿ. ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ಕೂತಿದ್ದರು. ಕಾರ್ಯದರ್ಶಿ ಪೂರ್ತಿ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವು ಹೇಳದೆ ಇದ್ದಿದ್ರೆ ನಮಗೆ ಗೊತ್ತಾಗ್ತಾನೇ ಇರ್ಲಿಲ್ವಲ್ಲಮ್ಮಾ."

"ಗೊತ್ತು ಸಾರ್. ಅದಕ್ಕೇ ನಾಲ್ಕು ದಿನ ತಡ ಆಯ್ತು."

ಬಕೆಟ್ಟನ್ನು ಮೂವರ ಎದುರು ತೂಗಿದರು. ಆ ಮೂರು ತಿಂಗಳ ಹಾಳೆಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿದರು, ಬಡಕಲಿ ಹೋರಿತಾಯಿ ಪಟ್ಟಿಗೆ ಸೇರಿತು. ಮುಂದಿನ ಎರಡು ತಿಂಗಳು, ತಕ್ಕಡಿಯಕ್ಕ ತೂಗಿದ್ದನ್ನು ಮತ್ತೊಮ್ಮೆ ತೂಗಲು ಒಬ್ಬ ಮೇಲ್ವಿಚಾರಕ ಹಿಂದೆಯೇ ಬಂದ. ಹೋದ ಕೊಟ್ಟಿಗೆಯಲ್ಲೆಲ್ಲ "ಇವರ್ಯಾರು?" ಎಂಬ ಪ್ರಶ್ನೆ. "ನನ್ನ ಬಾಲ," ಎನ್ನುತ್ತಿದ್ದರು.

ಓರಗಿತ್ತಿ ಸುದ್ದಿ ತಿಳಿದು ಸಂಜೆಯೇ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತಳು. "ಅಕ್ಕಾ, ಬೇಕೂಂತಲೇ ಮಾಡಿದ್ಯಾ?"

"ಬೇಕೂಂತ ಮಾಡೋ ಧೈರ್ಯ ಇದ್ದಿದ್ರೆ ಬರೀ ಆರುನೂರು ಗ್ರಾಂ ಯಾಕೆ ಕಳೀತಿದ್ದೆ?"

ಓರಗಿತ್ತಿ ಅದನ್ನು ನಂಬಿದಳೋ ಇಲ್ಲವೋ ಗೊತ್ತಿಲ್ಲ. ಅಂದಿನಿಂದ ಪ್ರತಿ ತಿಂಗಳೂ ಹಾಲು ಕರೆಯುವ ಮುಂಚೆ ಖಾಲಿ ಬಕೆಟ್ ಚಾಚುವುದನ್ನಂತೂ ಮರೆತಿಲ್ಲ.

ಬಡಕಲಿಯ ಮುಂದಿನ ಕರು ಗಂಡು. ಇಂದು ಅದು ಸಂಘದ ಹೋರಿ. ಕಚೇರಿಯ ಗೋಡೆಯಲ್ಲಿ ಅದರ ಫೋಟೋ, ಪಕ್ಕದಲ್ಲಿ ಹಗ್ಗ ಹಿಡಿದು ನಿಂತ ಓರಗಿತ್ತಿ, ಕೆಳಗೆ 'ತಾಯಿಯ ಹಾಲು: 4,528 ಕೆ.ಜಿ.' ಹೋಗಿ ಬರುವವರೆಲ್ಲ ಓರಗಿತ್ತಿಯನ್ನು ಹೊಗಳುತ್ತಾರೆ. ಆ ನಾಲ್ಕು ಅಂಕಿಯನ್ನು ಹೊತ್ತು ತಂದ ಸೈಕಲ್ ಹೊರಗೆ ಬಿಸಿಲಲ್ಲಿ ನಿಂತಿರುತ್ತದೆ. "ಫೋಟೋದಲ್ಲಿ ಅವಳ ಸೀರೆ ನೆರಿಗೆ ಸಮ ಇಲ್ಲ, ನೋಡಿದ್ರಾ?" ಎಂದಷ್ಟೇ ತಕ್ಕಡಿಯಕ್ಕನ ಟಿಪ್ಪಣಿ.

ಈ ವರ್ಷ ಆ ಹೋರಿಯ ವೀರ್ಯ ಹಂಚಿಕೆಗೆ ಬಂದಾಗ ಮೊದಲ ಸಾಲಿನಲ್ಲಿ ನಿಂತವರು ಅವರೇ. ಚೆಲುವಿಗೆ ಬೇಕೆಂದರು. ಕಾರ್ಯದರ್ಶಿ ಕಂಪ್ಯೂಟರಿನಲ್ಲಿ ವಂಶದ ಪಟ್ಟಿ ತೆರೆದು ತಲೆ ಅಲ್ಲಾಡಿಸಿದರು. "ರಕ್ತ ತೀರಾ ಹತ್ತಿರ ಆಯ್ತಮ್ಮಾ. ಚೆಲುವಿ ಈ ಹೋರಿಗೆ ದೊಡ್ಡಮ್ಮ ಆಗ್ಬೇಕು." ಇನ್ನೂರು ಚಿಲ್ಲರೆ ಸದಸ್ಯರಲ್ಲಿ ಎಲ್ಲರ ಕೊಟ್ಟಿಗೆಗೂ ಹೋಗಬಹುದಾದ ಹೋರಿ ಚೆಲುವಿಯ ಹತ್ತಿರ ಮಾತ್ರ ಸುಳಿಯುವಂತಿಲ್ಲ.

ಹೇಳುವಾಗ ಅವರಿಗೂ ನಗು ತಡೆಯುವುದಿಲ್ಲ. ಆದರೆ ಸಂಘ ಬರಿಗೈಯಲ್ಲಿ ಕಳಿಸಲಿಲ್ಲ. ಚೆಲುವಿಗೊಬ್ಬಳು ಮಗಳಿದ್ದಾಳೆ. ತಾಯಿಯ ಜೋತ ಕೆಚ್ಚಲನ್ನು ತಿದ್ದುವ ಹೋರಿಯನ್ನು ಸಂಘವೇ ಆರಿಸಿಕೊಟ್ಟು ಹುಟ್ಟಿದ ಕಡಸು. ಅವಳಿಗೆ ಈ ಹೋರಿ ನಡೆಯುತ್ತದೆ, ರಕ್ತ ಅಷ್ಟು ಹತ್ತಿರವಿಲ್ಲ ಎಂದು ಹಾಳೆ ಕೊಟ್ಟಿದ್ದಾರೆ. ಹೋದ ತಿಂಗಳು ಸೂಜಿಯೂ ಆಗಿದೆ. ಈ ಸಲ ಹೋರಿಯ ನಂಬರಿನ ಚೀಟಿ ಕಸವಾಗಿಲ್ಲ, ಪ್ಲಾಸ್ಟಿಕ್ ಹೊದಿಕೆಯೊಳಗೆ ಬೀರುವಿನಲ್ಲಿದೆ.

"ಒಂದು ಹೆಣ್ಣುಕರು ಆಗ್ಲಿ, ಅಷ್ಟೇ," ಎನ್ನುತ್ತಾರೆ. "ಅವಳ ಹಸುವಿನ ಹಾಲು ನನ್ನ ಕೊಟ್ಟಿಗೆಗೂ ಬರ್ಲಿ. ಆಮೇಲೆ ಅವಳು ನನ್ನ ಬಾಗ್ಲಲ್ಲಿ ನಿಂತು ಸ್ವಲ್ಪ ಹೊಟ್ಟೆ ಉರ್ಕೊಳ್ಳಿ. ಆರು ವರ್ಷದಿಂದ ನಾನೊಬ್ಳೇ ಎಷ್ಟೂಂತ ಉರ್ಕೊಳ್ಳೋದು?"

ಮುಂದಿನ ಕೊಟ್ಟಿಗೆ ಬಂದಿದೆ. ಕೊಕ್ಕೆ ತೊಲೆಗೆ, ಖಾಲಿ ಬಕೆಟ್ ಕೊಕ್ಕೆಗೆ. ಹಾಳೆಯ ಆ ಕಾಲಮನ್ನು ಈಗ ಮನೆಯಲ್ಲಿ ತುಂಬಿಸಿಕೊಂಡು ಬರುವುದಿಲ್ಲ. ಮುಳ್ಳು ಅಲುಗಾಡಿ ನಿಲ್ಲುವವರೆಗೂ ಕಾಯುತ್ತಾರೆ. ಅಷ್ಟು ಉರಿ ಇಟ್ಟುಕೊಂಡು ಬೆಳಗ್ಗೆ ಬಡಕಲಿಯ ಹನ್ನೊಂದು ಆರುನೂರನ್ನು ಹೇಗೆ ಬರೆದಿರಿ ಎಂದರೆ, ಕಣ್ಣು ಮುಳ್ಳಿನಿಂದ ಕದಲಿಸದೆ ಹೇಳುತ್ತಾರೆ.

"ಉರ್ಕೊಂಡೇ ಬರೆದೆ. ಆದ್ರೆ ಸರಿಯಾಗಿ ಬರೆದೆ."