‘ಆರ್’ ಅಕ್ಷರದ ಮೋಟು ಕಾಲು

“ಈ ಅಕ್ಷರಾ ಯಾರ್ ಬರ್ದಾರ್ರಿ?” ಮುಂಬಯಿಯ ಚೆಂಬೂರಿನ ಉಡುಪಿ ಹೋಟೆಲಿನಲ್ಲಿ ನಾನು ಮಾಣಿಯೊಡನೆ ಕನ್ನಡ ಮಾತಾಡಿದ್ದು ಕೇಳಿ, ಎದುರು ಕುಳಿತಿದ್ದ ಹಿರಿಯರು ಮೆನು ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದರು. ಬಲಕ್ಕೆ ವಾಲಿದ, ದಪ್ಪ ಚೌಕ ಪಾದಗಳ ಇಂಗ್ಲಿಷ್ ಅಕ್ಷರಗಳು. ಅಕ್ಷರ ವಿನ್ಯಾಸವೇ ನನ್ನ ಕೆಲಸ. “ನಾನೇ ಮಾಡಿದ್ದು” ಎಂದೆ, ಕೊಂಚ ಜಂಬದಿಂದಲೇ.

ಅದು ಅರ್ಧ ನಿಜ. ಇದೇ ಹೋಟೆಲಿನ ಗೋಡೆಯ ಮೇಲೆ ಯಾರೋ ಬಣ್ಣದಲ್ಲಿ ಬರೆದಿದ್ದ ಹಳೆಯ ಹೆಸರನ್ನು, ಅಳಿಸುವ ಮೊದಲು ಫೋಟೊ ತೆಗೆದುಕೊಂಡಿದ್ದೆ. ಅದರಲ್ಲಿಲ್ಲದ ಅಕ್ಷರಗಳನ್ನು ಅದೇ ಓರೆಯಲ್ಲಿ ಬರೆದು ಸೇರಿಸಿ ಫಾಂಟ್ ಮಾಡಿದೆ. ಈಗ ಅದು ಚಹಾಪುಡಿ ಪೊಟ್ಟಣದ ಮೇಲಿದೆ, ಘಾಟ್ಕೋಪರ್‌ನ ಬೇಕರಿಯೊಂದರ ಬೋರ್ಡಿನ ಮೇಲೂ ಇದೆ. ಅದರ ‘ಆರ್’ ಅಕ್ಷರದ ಮುಂಗಾಲು ಮೋಟು. ಎಲ್ಲರೂ ಹೊಗಳುವುದು ಅದನ್ನೇ.

ಹಿರಿಯರ ಬೆರಳು ಅದೇ ಕಾಲಿನ ಮೇಲೆ ಬಂದು ನಿಂತಿತು. “ಗ್ವಾಡಿ ಮ್ಯಾಲ ನಾ ಇದನ್ನ ಬರಿಯೋ ಮುಂದ ಇಲ್ಲಿ ನೀರಿನ ಪೈಪ್ ಅಡ್ಡ ಇತ್ರಿ. ಅದಕ್ಕ ಕಾಲು ಗಿಡ್ಡ ಮಾಡಿದ್ದೆ. ಕಾಗದದಾಗ ಯಾವ ಪೈಪ್ ಐತ್ರಿ?”

ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದರು. ಅವರು ಕಾರ್ಡನ್ನು ಮಡಚಿಟ್ಟು ಎದ್ದು ಹೋದರು.

ಆ ಸಂಜೆಯೇ ಕಂಪ್ಯೂಟರಿನಲ್ಲಿ ಆ ಕಾಲನ್ನು ಉದ್ದ ಮಾಡಿದೆ. ಫಾಂಟ್ ರಚಿಸಿದವರು ಎಂಬಲ್ಲಿದ್ದ ನನ್ನ ಹೆಸರನ್ನು ಅಳಿಸಿದೆ. ಅಲ್ಲಿ ಬರೆಯಬೇಕಾದ ಹೆಸರನ್ನು ಮಾತ್ರ ನಾನು ಕೇಳಿಯೇ ಇರಲಿಲ್ಲ.