ಗ್ಯಾರೇಜಿನ ತಂತಿಯಲ್ಲಿ ನನ್ನ ಚೀಟಿ

ದೆವ್ವ, ಶಕುನ, ಕನಸಿನಲ್ಲಿ ಬಂದು ಹೇಳಿದರು ಎನ್ನುವಂಥ ಮಾತುಗಳನ್ನು ಯಾರಾದರೂ ಎತ್ತಿದರೆ ನಾನು ಅಲ್ಲಿಂದ ಎದ್ದು ಹೋಗುತ್ತಿದ್ದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ನಾನು. ಹಂತ ಬರೆಯದೆ ಬರೀ ಉತ್ತರ ಬರೆದ ಮಕ್ಕಳಿಗೆ ಅಂಕ ಕೊಟ್ಟವಳಲ್ಲ. ಈಗ ನಾನೇ ಹಂತಗಳಿಲ್ಲದ ಉತ್ತರವೊಂದನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಂಬಿ ಎಂದು ಕೇಳುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ಅದಕ್ಕೂ ಆರು ತಿಂಗಳ ಮೊದಲು ನನ್ನ ಯಜಮಾನರ ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಚಿಕ್ಕಮಗಳೂರಿಗೆ ಹೋಗಬೇಕಾಗಿ ಬಂದಿತ್ತು. ಜಾವಳಿಯ ಹತ್ತಿರದ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ಇಡೀ ದಿನ ಕಳೆಯುತ್ತಿತ್ತು. ಹೋಗುವಾಗ ಹೇಗೋ ಹೋಗುತ್ತಿದ್ದರು. ಬರುವಾಗ ಬಿ.ಪಿ. ಇಳಿದು ಕೈಕಾಲು ನಡುಗುತ್ತಿತ್ತು. ಒಂದು ದಿನ ಸೀಟು ಸಿಗದೆ ಕಂಬಿ ಹಿಡಿದು ನಿಂತವರು ಮೂಡಿಗೆರೆ ದಾಟುತ್ತಲೇ ಕುಸಿದುಬಿದ್ದರು. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನ ನೆಲದಲ್ಲಿ ಕೂತಾಗಲೇ ತೀರ್ಮಾನ ಮಾಡಿದೆ. ಕಾರು ತೆಗೆದುಕೊಳ್ಳಬೇಕು, ನಾನೇ ಓಡಿಸಬೇಕು.

ನಲವತ್ತೇಳನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತೆ. ಹೊಸ ಕಾರು ನಮ್ಮ ಕೈಗೆ ಎಟುಕುವಂಥದ್ದಲ್ಲ. ಹಳೆಯದೇ ಆಗಲಿ, ಆದರೆ ನಮ್ಮ ಇಳಿಜಾರು, ತಿರುವುಗಳಲ್ಲಿ ಕೈಬಿಡದಂಥದ್ದು ಬೇಕಿತ್ತು. ನಾಲ್ಕು ಗಾಡಿ ನೋಡಿ ನಾಲ್ಕನ್ನೂ ಬೇಡ ಎಂದೆ. "ಹೆಣ್ಣು ನೋಡಕ್ಕೆ ಬಂದೋರು ಇಷ್ಟು ಪ್ರಶ್ನೆ ಕೇಳಲ್ಲ ಮಾರಾಯ್ತಿ" ಎಂದು ಇವರು ನಗೆಯಾಡಿದರು. ನಗಲಿ ಬಿಡಿ ಎಂದು ಇನ್ನೊಂದನ್ನು ಹುಡುಕಲು ಹೊರಟೆ.

ಐದನೆಯದು ಶಾಂತಪ್ಪನವರ ಕಾರು. ಅವರು ಪಕ್ಕದ ಎಸ್ಟೇಟಿನಲ್ಲಿ ರೈಟರ್ ಆಗಿದ್ದು ನಿವೃತ್ತರಾದವರು, ಲೆಕ್ಕಪತ್ರದಲ್ಲೂ ಮಾತಿನಲ್ಲೂ ನೇರ. ಬಿಳಿ ಬಣ್ಣದ ಸಣ್ಣ ಕಾರು, ಹದಿನೇಳು ವರ್ಷದ್ದು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಶೆಡ್ಡಿನಲ್ಲೇ ನಿಂತಿತ್ತು. ಹದಿನೈದು ವರ್ಷ ತುಂಬಿದಾಗ ಎಫ್.ಸಿ. ಮಾಡಿಸಿದ್ದರು, ಇನ್ಶೂರೆನ್ಸ್ ಇತ್ತು, ಹೊಗೆ ತಪಾಸಣೆಯ ಚೀಟಿಯೂ ಇತ್ತು. ಎಲ್ಲ ಕಾಗದ ಸರಿಯಿರುವಾಗ ಇನ್ನೇನು, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದರು ಶಾಂತಪ್ಪ. ಕಾಗದ ಹೇಳುವುದು ಆವತ್ತಿನ ಮಾತು, ನನಗೆ ಇವತ್ತಿನದು ಬೇಕು ಎಂದೆ. ಅವರು ಬೇಸರಪಡಲಿಲ್ಲ. ಈ ಗಾಡಿಯ ಕೆಲಸವೆಲ್ಲ ನಡೆದದ್ದು ಕೊಟ್ಟಿಗೆಹಾರದ ಮೊಯಿದ್ದೀನರ ಗ್ಯಾರೇಜಿನಲ್ಲಿ, ಶನಿವಾರ ಅಲ್ಲಿಗೇ ಹೋಗಿ ಕೇಳಿಬಿಡೋಣ ಎಂದರು.

ಶುಕ್ರವಾರ ಸಂಜೆ ಕೂತು ಕೇಳಬೇಕಾದ ಪ್ರಶ್ನೆಗಳನ್ನು ಪಟ್ಟಿ ಮಾಡಿದೆ. ಆ ಸೋಮವಾರ ಮೂಡಿಗೆರೆಯಲ್ಲಿ ನಾನೇ ಅಚ್ಚು ಹಾಕಿಸಿದ್ದ ಕಿರುಪರೀಕ್ಷೆಯ ಪತ್ರಿಕೆಯಲ್ಲಿ ಏಳನೇ ಪ್ರಶ್ನೆ ಎರಡು ಸಲ ಬಂದುಬಿಟ್ಟಿತ್ತು. ಹಾಗೆ ಹಾಳಾದ ಹಾಳೆಯೊಂದರ ಬೆನ್ನಿಗೆ ಬರೆದೆ. ಒಟ್ಟು ಹನ್ನೊಂದು ಪ್ರಶ್ನೆ. ಒಂದೊಂದರ ಕೊನೆಗೂ ನನ್ನ ಹಳೆಯ ಅಭ್ಯಾಸದಂತೆ ಎರಡು ಪುಟ್ಟ ಗೆರೆ ಎಳೆದೆ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಹೊರಟೆವು. ಕಾರು ನಾನೇ ಓಡಿಸಿದೆ, ಶಾಂತಪ್ಪ ಪಕ್ಕದಲ್ಲಿದ್ದರು. ಬ್ರೇಕು ಚೆನ್ನಾಗಿಯೇ ಹಿಡಿಯುತ್ತಿತ್ತು. ಗ್ಯಾರೇಜಿನ ಮುಂದೆ ನಿಲ್ಲಿಸಿದಾಗ, ಟೀ ಕುಡಿದು ಬರುತ್ತೇನೆಂದು ಅವರು ಎದುರಿನ ಹೋಟೆಲಿಗೆ ಹೋದರು. ಆ ಗ್ಯಾರೇಜಿನ ಒಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಇದನ್ನು ಒತ್ತಿ ಹೇಳುತ್ತಿದ್ದೇನೆ.

ಒಳಗಿನಿಂದ ಬಂದ ಅರವತ್ತರ ಆಸುಪಾಸಿನ ಮೊಯಿದ್ದೀನ್ ನನ್ನನ್ನು ನೋಡಿ, "ಬನ್ನಿ ಟೀಚ್ರೆ, ಅಂತೂ ಗಾಡಿ ತಂದ್ರಲ್ಲ" ಎಂದರು. ಶಾಂತಪ್ಪ ಫೋನಿನಲ್ಲಿ ಹೇಳಿರಬೇಕು ಎಂದುಕೊಂಡು, ಈ ಗಾಡಿಯ ಹಳೆಯ ಕಥೆ ಬೇಕಿತ್ತು ಎಂದೆ. ಅವರು ಗೋಡೆಯತ್ತ ಕೈ ತೋರಿಸಿದರು.

ಆ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿದೆ. ಗಾಡಿ ತಂದವರು ತೊಂದರೆ ಏನೆಂದು ಬಾಯಲ್ಲಿ ಹೇಳಿದರೆ ಸಾಲದು, ತಮ್ಮ ಕೈಯಾರೆ ಬರೆದುಕೊಡಬೇಕು. ಆ ಚೀಟಿಯನ್ನು ಮೊಯಿದ್ದೀನ್ ಕೊಕ್ಕೆಯ ತಂತಿಗೆ ಚುಚ್ಚಿ ಇಡುತ್ತಾರೆ, ಹಳೆಯದು ಕೆಳಗೆ, ಹೊಸದು ಮೇಲೆ. ಒಂದೊಂದು ಗಾಡಿಗೂ ಒಂದೊಂದು ತಂತಿ. ನಾನು ಹಾಗೆ ಹೇಳಿಲ್ಲ, ಹೀಗೆ ಹೇಳಿದ್ದೆ ಎನ್ನುವ ಜಗಳ ಬರಬಾರದೆಂದು ಅವರ ತಂದೆಯ ಕಾಲದಲ್ಲಿ ಶುರುವಾದದ್ದಂತೆ. ನನಗೆ ಬಹಳ ಹಿಡಿಸಿತು. ಸರ್ಟಿಫಿಕೇಟಿಗಿಂತ ನಂಬಬಹುದಾದ ಚರಿತ್ರೆ ಇದು.

ಶಾಂತಪ್ಪನವರ ಕಾರಿನ ತಂತಿ ಇಳಿಸಿಕೊಂಡು ಮೇಲಿನಿಂದ ಓದತೊಡಗಿದೆ. ಎಲ್ಲಕ್ಕಿಂತ ಮೇಲಿನದು ಶಾಂತಪ್ಪನವರ ಕೈಬರಹ: ಹೋದ ಮಳೆಗಾಲದ ತಾರೀಕು, ಬ್ಯಾಟರಿ ಮಾತ್ರ ಕಳಿಸಿದೆ, ಚಾರ್ಜ್ ಮಾಡಿಕೊಡಿ. ಅದರ ಕೆಳಗಿನದನ್ನು ಮಗುಚಿದೆ. ಅದು ನನ್ನ ಅಕ್ಷರ. ನನ್ನವೇ ಹನ್ನೊಂದು ಪ್ರಶ್ನೆ, ಅದೇ ಕ್ರಮದಲ್ಲಿ, ಕೊನೆಗೆ ಎರಡೆರಡು ಪುಟ್ಟ ಗೆರೆ. ಹಾಳೆಯ ಹಿಂಬದಿ ನೋಡಿದೆ. ಏಳನೇ ಪ್ರಶ್ನೆ ಎರಡು ಸಲ ಅಚ್ಚಾದ ಅದೇ ಪರೀಕ್ಷೆ. ಕಾಗದ ಮಾತ್ರ ಹಳದಿಯಾಗಿತ್ತು, ಚುಚ್ಚಿದ ತೂತಿನ ಸುತ್ತ ತುಕ್ಕು ಹಿಡಿದಿತ್ತು. ಬ್ಯಾಗ್ ತೆಗೆದು ನೋಡಿದೆ. ನಾನು ಬರೆದ ಪಟ್ಟಿ ಮಡಚಿಟ್ಟಂತೆಯೇ ಅಲ್ಲಿತ್ತು.

ತಂತಿಯ ಚೀಟಿಯಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು. ಹನ್ನೆರಡನೆಯದು. ಅಕ್ಷರ ನನ್ನದೇ, ಆದರೆ ಓರೆಕೋರೆ, ಕಾಗದವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳಲಾಗದವರು ಬರೆದ ಹಾಗೆ. "ಪೆಟ್ರೋಲ್ ಟ್ಯಾಂಕಿನ ಮೇಲೆ ಹಾಯುವ ಬ್ರೇಕ್ ಪೈಪ್. ಕ್ಲಿಪ್ ಬಿಚ್ಚಿಸಿ ನೋಡು."

ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಚೀಟಿ ಅಲ್ಲೇ ಬಿಟ್ಟು ಬಸ್ ಹತ್ತಿ ಮನೆಗೆ ಹೋಗಿಬಿಡೋಣ ಅನಿಸಿತು. ಆದರೆ ಬಸ್ ಎಂದ ಕೂಡಲೇ ಅದರ ನೆಲ ನೆನಪಾಯಿತು. ಮಂಗಳವಾರ ಮತ್ತೆ ಇವರನ್ನು ಕರೆದುಕೊಂಡು ಹೋಗಬೇಕು. ಬರೆದವರು ಯಾರಾದರೂ ಆಗಿರಲಿ, ಬರೆದದ್ದು ನಿಜವೋ ಸುಳ್ಳೋ ನೋಡಬಹುದಲ್ಲ. ಟ್ಯಾಂಕ್ ಇಳಿಸಿ ಎಂದೆ.

ಮೊಯಿದ್ದೀನ್ ಗೊಣಗಿದರು. ಅಲ್ಲಿ ಯಾರೂ ಟ್ಯಾಂಕ್ ಇಳಿಸಿ ನೋಡುವುದಿಲ್ಲ, ಅರ್ಧ ದಿನದ ಕೆಲಸ ಎಂದರು. ಅರ್ಧ ದಿನ ಕೂರುತ್ತೇನೆ ಎಂದೆ. ಟೀ ಕುಡಿದು ಬಂದ ಶಾಂತಪ್ಪನವರೂ ನನ್ನ ಮುಖ ನೋಡಿ ತಕರಾರು ಮಾಡಲಿಲ್ಲ. ಮೂರು ಗಂಟೆಯ ಹೊತ್ತಿಗೆ ಟ್ಯಾಂಕ್ ಇಳಿಯಿತು. ಪೈಪು ಮೇಲ್ನೋಟಕ್ಕೆ ಚೆನ್ನಾಗಿತ್ತು, ಮೇಲೆ ಕಪ್ಪು ಬಣ್ಣ ಬಳಿದಿತ್ತು. ಕ್ಲಿಪ್ ಬಿಚ್ಚಿ ಮೊಯಿದ್ದೀನ್ ಬೆರಳಲ್ಲಿ ಒತ್ತಿದರು. ಹಪ್ಪಳ ಮುರಿದಂತೆ ಮುರಿಯಿತು, ಬ್ರೇಕ್ ಆಯಿಲ್ ಅವರ ಮೊಣಕೈವರೆಗೆ ಇಳಿಯಿತು.

"ಒಂದು ಜೋರು ಬ್ರೇಕ್ ಸಾಕಿತ್ತು" ಎಂದರು. ಶಾಂತಪ್ಪ ಅಲ್ಲೇ ಇದ್ದ ಹಳೇ ಟಯರಿನ ಮೇಲೆ ಕೂತುಬಿಟ್ಟರು. ನನಗೇನೂ ಗೊತ್ತಿರಲಿಲ್ಲ ಟೀಚರ್ ಎಂದು ಎರಡು ಮೂರು ಸಲ ಹೇಳಿದರು. ಅವರಿಗೆ ಗೊತ್ತಿರಲಿಲ್ಲ ಎಂದು ನಾನು ಇಂದಿಗೂ ನಂಬುತ್ತೇನೆ.

ಹಿಂದಿನ ಬ್ರೇಕ್ ಪೈಪುಗಳನ್ನೆಲ್ಲ ಹೊಸದು ಹಾಕಿಸಿದ ಮೇಲೆಯೇ ಆ ಕಾರು ಕೊಂಡೆ. ಅದನ್ನು ತೆಗೆದುಕೊಂಡು ಬರಲು ಹೋದ ದಿನ ಮೊಯಿದ್ದೀನರನ್ನು ನೇರವಾಗಿ ಕೇಳಿದೆ. ನನ್ನ ಅಕ್ಷರದ ಆ ಚೀಟಿ ತಂದವರು ಯಾರು, ನಾನಂತೂ ಅಲ್ಲವಲ್ಲ? ಹೋದ ಮಳೆಗಾಲದ ಹೊತ್ತಿಗೆ ಇವರಿಗೆ ಕಾಯಿಲೆಯೇ ಇರಲಿಲ್ಲ, ನನಗೆ ಕಾರು ಬಿಡಲೂ ಬರುತ್ತಿರಲಿಲ್ಲ ಎಂದೆ. ಅವರು ಕೈ ಒರೆಸಿಕೊಂಡು ನನ್ನ ಎಡಗೈ ನೋಡಿದರು.

"ನೀವೇ ಟೀಚ್ರೆ. ಎಡಗೈಗೆ ಪ್ಲಾಸ್ಟರ್ ಹಾಕಿ ಕುತ್ತಿಗೆಗೆ ಕಟ್ಕಂಡಿದ್ರಿ. ಶಾಂತಪ್ಪನೋರ ಗಾಡಿ ಬಂದಾಗ ಇದನ್ನ ನೋಡಿ ಅಂತ ಚೀಟಿ ಕೊಟ್ರಿ. ಒಬ್ರೇ ಬಂದ್ರಾ, ಯಜಮಾನ್ರು ಬರ್ಲಿಲ್ವಾ ಅಂತ ಕೇಳ್ದೆ. ಕೇಳಬಾರ್ದಿತ್ತು. ನೀವು ಅಳ್ತಾ ಹೋದ್ರಿ."

ನನ್ನ ಎಡಗೈ ಇವತ್ತಿನವರೆಗೂ ಮುರಿದಿಲ್ಲ.

ಚೀಟಿ ಕೊಡಿ ಎಂದು ಕೇಳಿದೆ, ಗಾಡಿಯದ್ದು ತಂತಿಯಲ್ಲೇ ಇರಬೇಕು ಎಂದು ಅವರು ಕೊಡಲಿಲ್ಲ. ಯಾರಾದರೂ ನನ್ನ ಅಕ್ಷರ ನಕಲು ಮಾಡಿದರೇ, ಹಾಳಾದ ಪತ್ರಿಕೆ ಹೊರಗೆ ಹೋಗಿತ್ತೇ, ಮೊಯಿದ್ದೀನರಿಗೆ ಮರೆವೇ ಎಂದು ನನಗೆ ತಿಳಿದ ಹಂತಗಳನ್ನೆಲ್ಲ ಹಾಕಿ ನೋಡಿದ್ದೇನೆ. ಯಾವುದೂ ಕೊನೆ ಮುಟ್ಟುವುದಿಲ್ಲ. ಇವರಿಗೆ ಇದನ್ನು ಹೇಳಿಲ್ಲ. ಹೇಳುವುದೂ ಇಲ್ಲ.

ಈಗಲೂ ವಾರಕ್ಕೆರಡು ಸಲ ಹೋಗಿ ಬರುತ್ತೇವೆ. ವಾಪಸ್ಸು ಬರುವಾಗ ಇವರು ಸೀಟು ಹಿಂದಕ್ಕೆ ಮಾಡಿಕೊಂಡು ನಿದ್ದೆ ಹೋಗುತ್ತಾರೆ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತುತ್ತೇನೆ, ಕಾರು ಹಿಡಿತಕ್ಕೆ ಬರುತ್ತದೆ. ಆಗ ಪ್ರತಿ ಸಲವೂ, ಒಬ್ಬಳೇ ಬಂದಿದ್ದ ಆ ಹೆಂಗಸಿಗೆ ಮನಸ್ಸಿನಲ್ಲೇ ಹೇಳುತ್ತೇನೆ: ಇದ್ದಾರೆ, ಪಕ್ಕದಲ್ಲೇ ಇದ್ದಾರೆ.