ಎಮ್ಮೆಯ ಬಾನಿಗೆ ಹೋದ ಸುರಕುಂಬ

ಆದಿವಾಲದ ಜನ ಮಲಗುತ್ತಿದ್ದುದು ಪಿಂಜಾರ ಬುಡೇನ್ ಸಾಬಿ ಹತ್ತಿ ಹಿಂಜಿ ತುಂಬಿದ ಹಾಸಿಗೆಯ ಮೇಲೆ. ಮದುವೆಗಳಲ್ಲಿ ಉಣ್ಣುತ್ತಿದ್ದುದು ಅವನ ಹೆಂಡತಿ ಕಾಸಿಂಬಿ ಹೊಸೆದ ಶಾವಿಗೆ. ಒಣ ಶಾವಿಗೆಗೆ ಮೈಲಿಗೆಯಿಲ್ಲ. ಅದು ಅವಳ ಒಲೆಯ ಮೇಲೆ ಬೆಂದರೆ ಮಾತ್ರ ಮೈಲಿಗೆ. ಅದಕ್ಕೇ ರಂಜಾನ್ ಹಬ್ಬಕ್ಕೆ ಸಾಬರ ಮನೆಗಳಿಂದ ಹಿಂದೂಗಳ ಮನೆಗೆ ಮೊರದಲ್ಲಿ ಹಸಿ ಸಾಮಾನು ಹೋಗುತ್ತಿತ್ತು: ಶಾವಿಗೆ, ಸಕ್ಕರೆ, ಖರ್ಜೂರ. ಅವರು ತಮ್ಮ ಒಲೆಯಲ್ಲಿ ಬೇಯಿಸಿಕೊಳ್ಳುತ್ತಿದ್ದರು. ಈ ಅವಮಾನಕ್ಕೆ ಊರು ಸೌಹಾರ್ದ ಎಂದು ಹೆಸರಿಟ್ಟಿತ್ತು.

ಪಕ್ಕದ ಮನೆಯ ಗಂಗಕ್ಕ ಮಾತ್ರ ಹಾಗಲ್ಲ ಎಂದು ಕಾಸಿಂಬಿ ನಂಬಿದ್ದಳು. ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ಬಂದವರು. ಮೊದಲ ಹಬ್ಬಕ್ಕೇ ಗಂಗಕ್ಕ, "ಹಸೀದು ಯಾಕ್ ಕೊಡ್ತೀಯೆ, ಮಾಡಿದ್ದೇ ಕೊಡು" ಅಂದಿದ್ದಳು. ಆ ಒಂದು ಮಾತಿಗೆ ಕಾಸಿಂಬಿ ಜೀವಮಾನ ಋಣಿಯಾದಳು. ಗಂಗಕ್ಕನ ಎಮ್ಮೆಯ ಹಾಲಿನಲ್ಲೇ ಹಬ್ಬದ ಶಾವಿಗೆ ಪಾಯಸವಾದ ಸುರಕುಂಬ ಕಾಯಿಸಿ, ತನ್ನ ಮಕ್ಕಳ ಬಾಯಿಗೆ ಬೀಳುವ ಮೊದಲೇ ಒಂದು ಚೊಂಬು ಗೋಡೆಯಾಚೆ ದಾಟಿಸುತ್ತಿದ್ದಳು. ಚೊಂಬು ಫಳಫಳ ಬೆಳಗಿ, ಬರಿದಾಗಿ ಬರಬಾರದೆಂದು ತಳದಲ್ಲಿ ಒಂದು ಹಿಡಿ ಸಕ್ಕರೆಯೊಂದಿಗೆ ವಾಪಸಾಗುತ್ತಿತ್ತು.

ಎಪ್ಪತ್ಮೂರರ ರಂಜಾನಿಗೆ ಚೊಂಬು ಕೊಟ್ಟ ಮೇಲೆ ಅವಳಿಗೆ ನೆನಪಾಯಿತು, ತುಪ್ಪದಲ್ಲಿ ಹುರಿದ ಗೋಡಂಬಿ ಹಾಕುವುದೇ ಮರೆತುಹೋಗಿದೆ. ಸೌಟಿನಲ್ಲಿ ತುಂಬಿಕೊಂಡು ಗಂಗಕ್ಕನ ಹಿತ್ತಲಿಗೆ ಓಡಿದಳು. ಅಲ್ಲಿ ಎಮ್ಮೆ ಮುಸುರೆ ಬಾನಿಗೆ ಮೂತಿಯಿಟ್ಟು ಸೊರಸೊರ ಹೀರುತ್ತಿತ್ತು. ಮೂತಿಯ ತುಂಬ ಶಾವಿಗೆ ಎಳೆ. ಪಕ್ಕದಲ್ಲಿ ಗಂಗಕ್ಕ ಕುಕ್ಕರುಗಾಲಲ್ಲಿ ಕೂತು ಹುಣಸೆಹಣ್ಣು ಹಾಕಿ ಚೊಂಬು ಉಜ್ಜುತ್ತಿದ್ದಳು. ಬೆನ್ನ ಹಿಂದೆ ನೆರಳು ಕಂಡರೂ ಅವಳು ತಿರುಗಲಿಲ್ಲ.

"ಬಾಳ ರುಚಿ ಆಗೈತೆ ಕಣೆ ಕಾಸಿಂಬಿ," ಅಂದಳು.

ಕಾಸಿಂಬಿ ಸೌಟು ಹಿಡಿದುಕೊಂಡೇ ಮನೆಗೆ ಬಂದಳು. ಎಮ್ಮೆಯ ಹಾಲು ಎಮ್ಮೆಗೇ ಸೇರಿತ್ತು. ಎಷ್ಟು ವರ್ಷದಿಂದ ಹೀಗೆ ಸೇರುತ್ತಿತ್ತೋ.

ಆಮೇಲೆ ಬಾಬಯ್ಯನ ಹಬ್ಬ ಬಂತು. ಮೊಹರಮ್ಮಿನ ಪಂಜಾ ಕೂರಿಸಿದ ಗುಡಿಗೆ ಎಡೆಯಾಗುವ ಚೊಂಗೆ, ಅಂದರೆ ಗೋಧಿ ಬೆಲ್ಲದ ಸಿಹಿರೊಟ್ಟಿಯನ್ನು ಎಂದಿನಂತೆ ಸುಟ್ಟವಳು ಕಾಸಿಂಬಿಯೇ. ಮಗಳ ಹೆರಿಗೆಗೆ ಹರಕೆ ಹೊತ್ತಿದ್ದ ಗಂಗಕ್ಕ ಬಂದು ಸೆರಗೊಡ್ಡಿದಳು. ಚೊಂಗೆಯನ್ನು ಕಣ್ಣಿಗೊತ್ತಿಕೊಂಡು ಅಲ್ಲೇ ತಿಂದಳು.

"ಅದ್ನ ಸುಟ್ಟೋಳು ನಾನೇ, ಅಕ್ಕ," ಅಂದಳು ಕಾಸಿಂಬಿ.

"ದೇವ್ರ ಮುಂದೆ ಇಟ್ಮ್ಯಾಲೆ ಅದು ದೇವ್ರುದು ಬಿಡು."

"ರಂಜಾನ್ ದಿನದ್ದು ಯಾರ್ದು?"

ಗಂಗಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಮ್ಮತ್ತೆ ಇದ್ದಾಗ್ಲಿಂದ ಹಂಗೇ ನಡ್ಕಂಡ್ ಬಂತು. ನಮ್ಮನೆಯೋರೂ ಸುಮ್ನೆ ಬಿಡಲ್ಲ. ಮೊದ್ಲು ನಾನೇ ಬಾಯ್ಬಿಟ್ಟು ಕೇಳಿದ್ದೆ, ಆಮ್ಯಾಲೆ ಬ್ಯಾಡ ಅಂದ್ರೆ ನೀನು ನೊಂದ್ಕಂತೀಯ ಅಂತ..."

"ನಿಮ್ಮೆಮ್ಮೆ ಏನೂ ಅನ್ಲಿಲ್ಲ ನೋಡು."

ದೇವರ ಮುಂದಿಟ್ಟ ರೊಟ್ಟಿಯ ಜಾತಿ ಹೋಗುತ್ತದೆ, ಸುಟ್ಟ ಕೈಯದು ಹೋಗುವುದಿಲ್ಲ. ಇದನ್ನೂ ಭಕ್ತಿ ಅನ್ನುತ್ತಾರೆ.

ಮುಂದಿನ ರಂಜಾನಿಗೆ ಕಾಸಿಂಬಿ ಎಲ್ಲರಂತೆ ಮೊರ ಹೊತ್ತು ಹೋದಳು. ಒಣ ಶಾವಿಗೆ, ಸಕ್ಕರೆ, ಖರ್ಜೂರ. ಬೇಸರವಾದೀತೆಂದು ಗಂಗಕ್ಕನ ಮುಖ ನೋಡಿದಳು. ಆ ಮುಖ ಅರಳಿತು. ಇಷ್ಟು ವರ್ಷ ಚೊಂಬು ಕೊಟ್ಟಾಗ ಒಮ್ಮೆಯೂ ಹಾಗೆ ಅರಳಿರಲಿಲ್ಲ.

"ಇದೇ ಸರಿ ಬಿಡು," ಅಂದ ಗಂಗಕ್ಕ ಮಧ್ಯಾಹ್ನ ಗೋಡೆಯ ಮೇಲಿಂದ ಕೂಗಿದಳು. "ಬಾರೆ, ನಿನ್ ಶಾವಿಗೇಲಿ ಮಾಡೀನಿ. ಒಂದ್ ಲೋಟ ಕುಡ್ದು ಹೋಗು."

ಕಾಸಿಂಬಿ ಹೋಗಿ ಜಗಲಿಯ ಮೇಲೆ ಕೂತಳು. ಗಂಗಕ್ಕ ಸೂರಿನ ಸಂದಿಯಲ್ಲಿ ಸಿಗಿಸಿಟ್ಟಿದ್ದ ಬೇರೆ ಲೋಟ ತೆಗೆದು, ಮೇಲಿಂದ ಹೊಯ್ದು ಕೊಟ್ಟಳು. ಸಕ್ಕರೆ ಸಾಲದು, ಹಾಲು ಸೀದಿತ್ತು. ಎರಡು ಹೆಜ್ಜೆ ದೂರದಲ್ಲಿ ಬಾನಿ ಇತ್ತು, ಎಮ್ಮೆಯೂ ಇತ್ತು. ಆದರೆ ಹಬ್ಬದ ದಿನ ಕೊಟ್ಟದ್ದನ್ನು ಚೆಲ್ಲುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ತಳದವರೆಗೂ ಕುಡಿದಳು. ಲೋಟವನ್ನು ತಾನೇ ತೊಳೆದು ಸೂರಿಗೆ ಸಿಗಿಸಿದಳು.

"ಬಾಳ ರುಚಿ ಆಗೈತೆ ಅಕ್ಕ," ಅಂದಳು.